ಪವರ್ ಟಿಲ್ಲರ್ ಪುನರ್ನಿರ್ಮಾಣ

ಪವರ್ ಟಿಲ್ಲರ್ ಪುನರ್ನಿರ್ಮಾಣ ಎಂದರೆ ಹಲವು ವರ್ಷ ದುಡಿದು ಸವೆದ ಟಿಲ್ಲರನ್ನು ಪೂರ್ಣವಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ದುರ್ಬಲಗೊಂಡ ಭಾಗಗಳನ್ನು ಬಲಪಡಿಸಿ ಮತ್ತೆ ಕೆಲಸಕ್ಕೆ ಸಜ್ಜುಗೊಳಿಸುವ ಕ್ರಿಯೆ. ನೀರು ನಿಂತ ಗದ್ದೆ, ಒಣ ಹೊಲ ಮತ್ತು ರಸ್ತೆ ಈ ಮೂರರಲ್ಲಿಯೂ ದುಡಿಯುವ ಯಂತ್ರವಿದು. ಉಭಯಚರ ವಾಹನಗಳಂತೆ ಇದು ನೀರಿನ ಮೇಲೆ ತೇಲುವುದಿಲ್ಲ. ಕೆಸರಿನ ತಳದ ಗಟ್ಟಿ ನೆಲವನ್ನು ಆಧರಿಸಿ ಚಲಿಸುತ್ತದೆ. ಆದರೂ ಒಳಗೆ ನುಗ್ಗುವ ನೀರು ಎರಡಕ್ಕೂ ಸಮಾನವಾದ ಶತ್ರು.

ಹಿನ್ನೆಲೆ

ತಿರುಗುವ ಬ್ಲೇಡುಗಳಿಂದ ಮಣ್ಣನ್ನು ಹದಗೊಳಿಸುವ ಯಂತ್ರಗಳ ಪ್ರಯೋಗಗಳು 20ನೆಯ ಶತಮಾನದ ಆರಂಭದಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿ ನಡೆದವು. ಎರಡನೆಯ ಮಹಾಯುದ್ಧದ ಅನಂತರ ಜಪಾನಿನ ಸಣ್ಣ ಭತ್ತದ ಗದ್ದೆಗಳಲ್ಲಿ ಟಿಲ್ಲರ್ ವ್ಯಾಪಕವಾಯಿತು. ಭಾರತಕ್ಕೆ ಅದು ಬಂದದ್ದು 1960ರ ದಶಕದಲ್ಲಿ. ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸಂಸ್ಥೆಯು 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದೊಂದಿಗೆ ಸ್ಥಾಪನೆಯಾಯಿತು.

ಶಿಕಾರಿಪುರ ಮತ್ತು ಸೊರಬ

ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಅರೆಮಲೆನಾಡು ಪ್ರದೇಶಕ್ಕೆ ಸೇರಿವೆ. ಕೆರೆಗಳನ್ನು ನಂಬಿದ ಬೇಸಾಯ ಇಲ್ಲಿ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ಅರಸ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಉಲ್ಲೇಖಿಸುತ್ತದೆ. ಕುಮುದ್ವತಿ ನದಿಯ ಅಂಜನಾಪುರ ಜಲಾಶಯ, ಸೊರಬದ ವರದಾ ಮತ್ತು ದಂಡಾವತಿ ನದಿಗಳು ಹಾಗೂ ಹಳ್ಳಿಗಳ ಕೆರೆಗಳ ಆಸರೆಯಲ್ಲಿ ಭತ್ತ ಬೆಳೆಯುತ್ತದೆ. ಬದುಗಳಿಂದ ಬೇರ್ಪಟ್ಟ ಕಿರಿದಾದ ಗದ್ದೆಗಳಲ್ಲಿ ದೊಡ್ಡ ಟ್ರ್ಯಾಕ್ಟರನ್ನು ತಿರುಗಿಸುವುದು ಕಷ್ಟ. ನಾಟಿಯ ಹದ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಟಿಲ್ಲರ್ ಕೆಟ್ಟು ನಿಂತರೆ ಸಸಿಮಡಿಯಲ್ಲಿ ಅಗೆ ಬಲಿತು ಇಳುವರಿ ಕುಗ್ಗುತ್ತದೆ. ಆದ್ದರಿಂದ ಪುನರ್ನಿರ್ಮಾಣವನ್ನು ಬೇಸಿಗೆಯಲ್ಲಿಯೇ ಮುಗಿಸುವುದು ಸೂಕ್ತ.

ಪರಿಶೀಲನೆ

ಯಂತ್ರವನ್ನು ತೊಳೆದು, ಎಂಜಿನ್ ಮತ್ತು ಗೇರ್ ಬಾಕ್ಸಿನ ಎಣ್ಣೆಯನ್ನು ಬಸಿಯುವುದು ಮೊದಲ ಹಂತ. ಬಸಿದ ಎಣ್ಣೆಯೇ ರೋಗವನ್ನು ಹೇಳುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಗೇರ್ ಅಥವಾ ಬೇರಿಂಗ್ ಸವೆದಿದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಸಾಮಾನ್ಯವಾಗಿ ಪಿಸ್ಟನ್ ರಿಂಗ್ ಅಥವಾ ಲೈನರ್ ಸವೆತ ಇದಕ್ಕೆ ಕಾರಣ.

ನೀರಿನಿಂದ ರಕ್ಷಣೆ

ಚಕ್ರದ ಅಚ್ಚು ಹಾಗೂ ರೋಟರಿಯ ದಂಡ ಹೊರಬರುವ ಕಡೆ ಆಯಿಲ್ ಸೀಲುಗಳಿರುತ್ತವೆ. ಕೆಸರಿನ ಮರಳು ಸೀಲಿನ ತುಟಿಯನ್ನೂ ಅದು ಒರೆಯುವ ದಂಡವನ್ನೂ ಸವೆಸುತ್ತದೆ. ದಂಡದಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ನೀರು ನುಗ್ಗುತ್ತದೆ. ಮೊದಲು ದಂಡವನ್ನು ಸರಿಪಡಿಸಬೇಕು ಅಥವಾ ಬದಲಿಸಬೇಕು. ಬೇರಿಂಗ್ ಅಲುಗಾಡುತ್ತಿದ್ದರೆ ಸೀಲ್ ಬಾಳುವುದಿಲ್ಲವಾದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸುವುದು ಉಚಿತ.

ಬಲಪಡಿಸುವಿಕೆ

ಹಿಡಿಕೆಯ ಬುಡ, ಎಂಜಿನ್ ಕೂರುವ ಚೌಕಟ್ಟು ಮತ್ತು ಟ್ರೈಲರ್ ಕೊಂಡಿ ಇವು ಬಿರುಕು ಕಾಣಿಸಿಕೊಳ್ಳುವ ಮುಖ್ಯ ಸ್ಥಳಗಳು. ಬಣ್ಣ ಮತ್ತು ತುಕ್ಕನ್ನು ಕೆರೆದು, ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಅದು ಮುಂದುವರಿಯುವುದು ನಿಲ್ಲುತ್ತದೆ. ಅನಂತರ ವೆಲ್ಡಿಂಗ್ ಮಾಡಿ ಉಕ್ಕಿನ ಪಟ್ಟಿಯನ್ನು ಜೋಡಿಸಲಾಗುತ್ತದೆ. ಎರಕದ ಕಬ್ಬಿಣದ ಭಾಗಗಳಿಗೆ ಸಾಮಾನ್ಯ ವೆಲ್ಡಿಂಗ್ ಕಡ್ಡಿ ಹೊಂದುವುದಿಲ್ಲ. ಹದ ಕೊಟ್ಟ ಉಕ್ಕಿನ ಬ್ಲೇಡುಗಳನ್ನು ಕಾಯಿಸಿ ಬೆಸೆದರೆ ಹದ ಕೆಟ್ಟು ಅವು ಮುರಿಯುತ್ತವೆ. ಹೊಸ ಬ್ಲೇಡು ಹಾಕುವುದೇ ಸುರಕ್ಷಿತ. ಎಡ ಮತ್ತು ಬಲ ಬಾಗಿನ ಬ್ಲೇಡುಗಳನ್ನು ಅದಲುಬದಲು ಮಾಡಬಾರದು. ಬೆಲ್ಟುಗಳಲ್ಲಿ ಒಂದು ಹಳತಾದರೂ ಇಡೀ ಜೊತೆಯನ್ನು ಬದಲಿಸಬೇಕು, ಇಲ್ಲವಾದರೆ ಭಾರವೆಲ್ಲ ಬಿಗಿಯಾದ ಬೆಲ್ಟಿನ ಮೇಲೆ ಬೀಳುತ್ತದೆ.

ಬಲಪಡಿಸುವುದಕ್ಕೂ ಮಿತಿಯಿದೆ. ಎಲ್ಲೆಡೆ ದಪ್ಪ ಪಟ್ಟಿ ಬೆಸೆದರೆ ತೂಕ ಹೆಚ್ಚಿ ಯಂತ್ರವು ಮೆದು ಗದ್ದೆಯಲ್ಲಿ ಹೂತುಕೊಳ್ಳುತ್ತದೆ. ಕೆಸರಿಗೆ ರಬ್ಬರ್ ಚಕ್ರದ ಬದಲು ಅಗಲವಾದ ಕಬ್ಬಿಣದ ಪಂಜರ ಚಕ್ರ ಹಾಕುವುದು ಭಾರವನ್ನು ಹಂಚಿ ಹಿಡಿತವನ್ನು ಹೆಚ್ಚಿಸಲು.

ಸುರಕ್ಷತೆ

ತಿರುಗುವ ಸನ್ನೆಗಳ ಪರೀಕ್ಷೆಯು ಪುನರ್ನಿರ್ಮಾಣದ ಅತಿ ಮುಖ್ಯ ಹಂತ. ಸಮನೆಲದಲ್ಲಿ ಬಲಗಡೆಯ ಸನ್ನೆ ಹಿಡಿದರೆ ಬಲಚಕ್ರದ ಶಕ್ತಿ ಕಡಿದು ಯಂತ್ರ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ: ಶಕ್ತಿ ಕಡಿದ ಚಕ್ರವು ತಡೆಯಿಲ್ಲದೆ ವೇಗವಾಗಿ ಉರುಳುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಟ್ರೈಲರಿನಲ್ಲಿ ಜನರನ್ನೋ ಹೊರೆಯನ್ನೋ ತುಂಬಿ ಇಳಿಜಾರಿನ ರಸ್ತೆಯಲ್ಲಿ ಸಾಗುವಾಗ ಈ ವ್ಯತ್ಯಾಸ ತಿಳಿಯದಿದ್ದರೆ ಪ್ರಾಣಾಪಾಯ ಸಂಭವಿಸಬಹುದು. ಟ್ರೈಲರಿನ ಬ್ರೇಕ್ ಸರಿಯಾಗಿರಬೇಕು. ಬಿಚ್ಚಿದ ಬೆಲ್ಟ್ ಮತ್ತು ರೋಟರಿಯ ಮುಚ್ಚಳಗಳನ್ನು ಮರಳಿ ಹಾಕಲೇಬೇಕು.

ಜೋಡಣೆಯ ಅನಂತರ ಮೊದಲು ಒಣ ನೆಲದಲ್ಲಿ ಹಗುರವಾಗಿ ನಡೆಸಿ, ಬೋಲ್ಟುಗಳನ್ನು ಮತ್ತೆ ಬಿಗಿದು, ಎಣ್ಣೆಯ ಸೋರಿಕೆಯನ್ನು ಪರೀಕ್ಷಿಸಿದ ಮೇಲೆಯೇ ಗದ್ದೆಗೆ ಇಳಿಸಲಾಗುತ್ತದೆ. ಪ್ರಮುಖ ಎರಕದ ಕವಚವೇ ಒಡೆದಿದ್ದರೆ ಪುನರ್ನಿರ್ಮಾಣವು ಲಾಭದಾಯಕವಲ್ಲ. ಅಂತಹ ಸಂದರ್ಭದಲ್ಲಿ ಕರ್ನಾಟಕ ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿಂದ ಯಂತ್ರ ಪಡೆಯುವುದು ಸಣ್ಣ ಹಿಡುವಳಿದಾರರಿಗೆ ಪರ್ಯಾಯ ಮಾರ್ಗವಾಗಿದೆ.