ಜಗಲಿ ಬಿಟ್ಟುಕೊಟ್ಟ ಮ್ಯೂಸಿಯಂ

ಮ್ಯೂಸಿಯಂ ಎಂದೊಡನೆ ಕಣ್ಣ ಮುಂದೆ ಬರುವುದು ಎತ್ತರದ ಮೆಟ್ಟಿಲು, ಟಿಕೆಟ್ ಕೌಂಟರ್, ‘ಮುಟ್ಟಬೇಡಿ’ ಎಂಬ ಫಲಕ. ಶಾಲಾ ಪ್ರವಾಸದಲ್ಲಿ ಒಮ್ಮೆ ನೋಡಿ ಬಂದವರು ಮತ್ತೆ ಅತ್ತ ತಲೆ ಹಾಕುವುದು ಅಪರೂಪ. ನಿತ್ಯ ಅದರೆದುರೇ ಬಸ್ಸಿಗೆ ಕಾಯುವವರಿಗೂ ಒಳಗೇನಿದೆ ಎಂದು ತಿಳಿದಿರುವುದಿಲ್ಲ. ಊರಿನ ಬದುಕಿಗೂ ಮ್ಯೂಸಿಯಂಗೂ ನಡುವಿನ ಈ ಗೋಡೆಯನ್ನು ಕೆಡವಲು ಸಾಧ್ಯವೇ? ಬ್ರೆಜಿಲ್‌ನ ಸಾವ್ ಪಾಲೊ ನಗರದ ಕಲಾ ಮ್ಯೂಸಿಯಂನಲ್ಲಿ ಇದಕ್ಕೊಂದು ಉತ್ತರವಿದೆ.

ಪತ್ರಿಕೋದ್ಯಮಿ ಅಸಿಸ್ ಶಾಟೊಬ್ರಿಯಾಂಡ್ 1947ರಲ್ಲಿ ಸ್ಥಾಪಿಸಿದ ಈ ಮ್ಯೂಸಿಯಂ ಮೊದಲು ಅವರ ಪತ್ರಿಕಾ ಕಚೇರಿಗಳ ಕಟ್ಟಡದಲ್ಲೇ ಇತ್ತು. ಸ್ವಂತ ಕಟ್ಟಡದ ವಿನ್ಯಾಸದ ಹೊಣೆ ಹೊತ್ತವರು ಲೀನಾ ಬೊ ಬಾರ್ಡಿ. 1914ರಲ್ಲಿ ರೋಮ್‌ನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ 1946ರಲ್ಲಿ ಬ್ರೆಜಿಲ್‌ಗೆ ಬಂದು ನೆಲೆಸಿದ್ದರು. ದೊರೆತ ನಿವೇಶನ ನಗರದ ಪ್ರಮುಖ ರಸ್ತೆಯಾದ ಪೌಲಿಸ್ತಾ ಅವೆನ್ಯೂ ಪಕ್ಕದಲ್ಲಿತ್ತು. ಅಲ್ಲಿ ನಿಂತರೆ ಕೆಳಗೆ ಹರಡಿದ ಊರು ಕಾಣುತ್ತಿತ್ತು.

ಲೀನಾ ಆ ನೋಟವನ್ನು ಜನರಿಂದ ಕಸಿಯಲಿಲ್ಲ. ಚಿತ್ರಶಾಲೆಯನ್ನು ನೆಲದಿಂದ ಸುಮಾರು 8 ಮೀಟರ್ ಮೇಲಕ್ಕೆತ್ತಿದರು. ಸಭಾಂಗಣವನ್ನು ರಸ್ತೆಯ ಮಟ್ಟಕ್ಕಿಂತ ಕೆಳಗಿಳಿಸಿದರು. ನಡುವೆ ಉಳಿದದ್ದು ಬಯಲು. ಮೇಲಿನ ಭಾರವನ್ನೆಲ್ಲ ಹೊರುವುದು ತುದಿಗಳಲ್ಲಿರುವ ನಾಲ್ಕು ಕಂಬಗಳು. ನಡುವಿನ 74 ಮೀಟರ್ ಉದ್ದಕ್ಕೂ ಒಂದು ಕಂಬವಿಲ್ಲ.

ನಮ್ಮ ಹಳೆಯ ಮನೆಗಳ ಜಗಲಿಯನ್ನು ನೆನಪಿಸಿಕೊಳ್ಳಿ. ದಾರಿಹೋಕ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲೀನಾ ಊರಿಗೆ ಬಿಟ್ಟುಕೊಟ್ಟದ್ದು ಇಂಥದೊಂದು ಜಗಲಿಯನ್ನು.

ಬ್ರಿಟನ್ ರಾಣಿ ಎರಡನೇ ಎಲಿಜಬೆತ್ 1968ರ ನವೆಂಬರ್‌ನಲ್ಲಿ ಕಟ್ಟಡವನ್ನು ಉದ್ಘಾಟಿಸಿದಾಗ ಬ್ರೆಜಿಲ್ ಸೇನಾ ಆಡಳಿತದಲ್ಲಿತ್ತು. ಮರು ತಿಂಗಳೇ ಹೊರಬಿದ್ದ ಶಾಸನವೊಂದು ನಾಗರಿಕರ ಹಕ್ಕುಗಳನ್ನು ಮೊಟಕುಗೊಳಿಸಿತು. ನಾಲ್ವರು ಸೇರಿ ಮಾತನಾಡುವುದೇ ಕಷ್ಟವಾದ ಕಾಲದಲ್ಲಿ ನಗರದ ನಡುವೆ ಗೇಟಿಲ್ಲದ ಬಯಲೊಂದು ಉಳಿಯಿತು. ಮುಂದೆ ಅಲ್ಲಿ ಹಳೆಯ ವಸ್ತುಗಳ ಭಾನುವಾರದ ಸಂತೆ, ಸಂಗೀತ, ಸಭೆಗಳು ನಡೆದವು. 1992ರಲ್ಲಿ ಅಧ್ಯಕ್ಷ ಕೊಲ್ಲೊರ್ ಪದಚ್ಯುತಿಗೆ ಆಗ್ರಹಿಸಿ ವಿದ್ಯಾರ್ಥಿಗಳು ಮೆರವಣಿಗೆ ಹೊರಟದ್ದೂ ಇಲ್ಲಿಂದಲೇ.

ಒಳಗೂ ಅದೇ ಧೋರಣೆ. ಕಾಂಕ್ರೀಟ್ ಗಟ್ಟಿಯಲ್ಲಿ ನಿಲ್ಲಿಸಿದ ಗಾಜಿನ ಹಲಗೆಗಳಿಗೆ ಚಿತ್ರಗಳನ್ನು ತೂಗುಹಾಕಿ, ಕಲಾವಿದರ ಹೆಸರನ್ನು ಹಿಂಬದಿಯಲ್ಲಿ ಬರೆಸಿದರು. ನೋಡುಗ ಹೆಸರಿಗೆ ಬೆದರದೆ ಮೊದಲು ಚಿತ್ರವನ್ನು ನೋಡಲಿ ಎಂಬ ಆಶಯ. ಲೀನಾ 1992ರಲ್ಲಿ ತೀರಿಕೊಂಡರು. 1996ರಲ್ಲಿ ಈ ಗಾಜುಗಳನ್ನು ತೆಗೆದು ಗೋಡೆಗಳನ್ನು ಎಬ್ಬಿಸಲಾಯಿತು. ಅವು ಮರಳಿದ್ದು 2015ರಲ್ಲಿ.

ಗೋಡೆ ಎಬ್ಬಿಸುವುದು ಸುಲಭ. ಬಯಲನ್ನು ಬಯಲಾಗಿ ಉಳಿಸಿಕೊಳ್ಳುವುದು ಕಷ್ಟ. ಹೊಸ ಮ್ಯೂಸಿಯಂನ ನಕ್ಷೆ ಬರೆಯುವವರು ಒಳಗೆ ಬಾರದ ದಾರಿಹೋಕನಿಗೂ ಅದರಲ್ಲಿ ಒಂದಿಷ್ಟು ಜಾಗ ಗುರುತಿಸಲಿ. ಇಂದು ನೆರಳಿಗೆಂದು ಬಂದು ನಿಂತವನು ನಾಳೆ ಚಿತ್ರ ನೋಡಲು ಮೆಟ್ಟಿಲು ಹತ್ತಿಯಾನು.