ಸ್ವಾಮಿ ರಾಮಾನಂದ ತೀರ್ಥ

ಸ್ವಾಮಿ ರಾಮಾನಂದ ತೀರ್ಥ (1903–1972): ಹೈದರಾಬಾದ್ ಸಂಸ್ಥಾನದ ವಿಮೋಚನಾ ನಾಯಕ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. ಬೀದರ್ ಸೀಮೆಯ ಬಸವಕಲ್ಯಾಣ, ಹುಮನಾಬಾದ್, ರಾಜೇಶ್ವರ ಆಗ ಈ ಸಂಸ್ಥಾನದ ದೊರೆಗಳಾದ ನಿಜಾಮರ ಆಳ್ವಿಕೆಯಲ್ಲಿದ್ದವು.

ಶಿಕ್ಷಕರಾಗಿದ್ದವರು 1932ರಲ್ಲಿ ಸಂನ್ಯಾಸಿಯಾದರು. ಆದರೆ ಕಾವಿ ಅವರನ್ನು ಕಾಡಿಗೆ ಕಳಿಸಲಿಲ್ಲ, ಜೈಲಿಗೆ ಕಳಿಸಿತು. 1938ರಲ್ಲಿ ನಿಷೇಧಿತ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಕ್ಕಾಗಿ ಸೆರೆವಾಸ. 1940ರಲ್ಲಿ ಗಾಂಧೀಜಿಯ ಒಪ್ಪಿಗೆಯೊಂದಿಗೆ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಬಂಧನ. 1947ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಸೆರೆ. ಅವರು ಒಳಗಿದ್ದಾಗ ಹೋರಾಟಗಾರರ ಗಡಿ ಶಿಬಿರಗಳಲ್ಲಿ ಬಂದೂಕುಗಳೂ ಸದ್ದು ಮಾಡಿದವು. ಈ ಹೋರಾಟವನ್ನು ಅಪ್ಪಟ ಅಹಿಂಸೆಯದೆಂದು ಬರೆಯುವುದು ಸರಿಯಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರು ಭಾರತೀಯ ಸೇನೆಗೆ ಮಣಿದರು, ಸ್ವಾಮೀಜಿ ಹೊರಬಂದರು. ಬೀದರ್ ಸೀಮೆಯಲ್ಲಿ ಸೇಡಿನ ಹತ್ಯೆಗಳು ನಡೆದ ಕಾಲವದು. ನಿಜಾಮರಿಗೆ ಶಿಕ್ಷೆಯಾಗಲಿಲ್ಲ, 1950ರಲ್ಲಿ ಅವರೇ ಹೈದರಾಬಾದ್ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು, ಅಂದರೆ ರಾಜಪ್ರಮುಖರಾದರು. ಸೆರೆಯಿಂದ ಹೊರಬಂದ ಸ್ವಾಮೀಜಿ ಹಿಡಿದದ್ದು ಮತಪೆಟ್ಟಿಗೆಯ ದಾರಿ: 1952ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದರು.

ಸಂಸ್ಥಾನವನ್ನು ಭಾಷೆಯ ಆಧಾರದಲ್ಲಿ ವಿಭಜಿಸಬೇಕೆಂದೂ ವಾದಿಸಿದರು. ಅಂಥ ವಿಭಜನೆಯಾದಾಗ, 1956ರ ನವೆಂಬರ್ 1ರಂದು, ಬೀದರ್ ಮೈಸೂರು ರಾಜ್ಯ ಸೇರಿತು.