ಬಟಾಣಿ ಕಾಳಿನಷ್ಟು ಸತು

ಕಳೆದ ತಿಂಗಳು ಗೀಸರ್ ರಿಪೇರಿಗೆ ಬಂದವರು ಟ್ಯಾಂಕಿನೊಳಗಿಂದ ಸವೆದು ಸಣಕಲಾಗಿದ್ದ ಒಂದು ಕಡ್ಡಿ ಎಳೆದು ತೋರಿಸಿದರು. "ಇದು ಸವೆದಿದೆ ಅಂದ್ರೆ ಟ್ಯಾಂಕ್ ಉಳಿದಿದೆ ಅಂತ ಸಾರ್" ಅಂದರು. ಮೆಗ್ನೀಸಿಯಂ ಕಡ್ಡಿ ಅದು. ಉಕ್ಕಿನ ಬದಲು ತಾನು ಕರಗುತ್ತೆ. ಈ ಉಪಾಯಕ್ಕೆ ಈಗ ಇನ್ನೂರು ವರ್ಷ. ಕಂಡುಹಿಡಿದವನಿಗೆ ಮಾತ್ರ ಅದರಿಂದ ಸಿಕ್ಕಿದ್ದು ಮುಖಭಂಗ.

ಆಗ ಬ್ರಿಟಿಷ್ ನೌಕಾಪಡೆಯ ಹಡಗುಗಳು ಮರದವು. ಹುಳು ಕೊರೆಯದಿರಲಿ ಅಂತ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಉಪ್ಪುನೀರು ಆ ತಗಡನ್ನೇ ತಿನ್ನತೊಡಗಿತು. ಪರಿಹಾರ ಹುಡುಕುವ ಕೆಲಸ ರಾಯಲ್ ಸೊಸೈಟಿಯ ಅಧ್ಯಕ್ಷ ಹಂಫ್ರಿ ಡೇವಿಯ ಪಾಲಿಗೆ ಬಂತು. ವಿದ್ಯುತ್ ಹರಿಸಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿದ್ದ ಆಸಾಮಿ. ಲೋಹ ಸವೆಯೋದೂ ವಿದ್ಯುತ್ತಿನದೇ ವ್ಯವಹಾರ ಅಂತ ಅವನಿಗೆ ಹೊಳೆಯಿತು. ಸತು ಇಲ್ಲವೇ ಕಬ್ಬಿಣವನ್ನು ತಾಮ್ರಕ್ಕೆ ತಾಗಿಸಿ ಉಪ್ಪುನೀರಲ್ಲಿಟ್ಟರೆ ಸವೆಯೋದು ಅದು, ತಾಮ್ರವಲ್ಲ. 1824ರಲ್ಲಿ ಅವನು ಕೊಟ್ಟ ಲೆಕ್ಕ ನೋಡಿ: 40-50 ಚದರ ಅಂಗುಲ ತಾಮ್ರ ಕಾಯೋಕೆ ಬಟಾಣಿ ಕಾಳಿನಷ್ಟು ಸತು ಸಾಕು! ಪ್ರಯೋಗಗಳಲ್ಲಿ ಅವನ ಜೊತೆಗಿದ್ದವನು ಮೈಕೆಲ್ ಫ್ಯಾರಡೆ.

ಸಮರಾಂಗ್ ಎಂಬ ಹಡಗೂ ಸೇರಿದಂತೆ ಕೆಲವಕ್ಕೆ ಕಬ್ಬಿಣದ ತುಂಡು ಜೋಡಿಸಿ ಸಮುದ್ರಕ್ಕೆ ಬಿಟ್ಟರು. ತಾಮ್ರ ಉಳಿಯಿತು. ಆದರೆ ತಳದ ತುಂಬ ಪಾಚಿ, ಕಡಲಕಳೆ, ಚಿಪ್ಪಿನ ಜೀವಿಗಳು ಮೆತ್ತಿಕೊಂಡು ಹಡಗುಗಳು ತೆವಳತೊಡಗಿದವು. ಆಗಿದ್ದಿಷ್ಟೆ: ಇಷ್ಟು ದಿನ ಅವನ್ನೆಲ್ಲ ದೂರ ಇಟ್ಟಿದ್ದು ಕರಗುತ್ತಿದ್ದ ತಾಮ್ರದ ವಿಷ. ಕರಗೋದು ನಿಂತಿತು, ವಿಷವೂ ನಿಂತಿತು. ನೌಕಾಪಡೆ ಆ ತುಂಡುಗಳನ್ನೆಲ್ಲ ಕಿತ್ತುಹಾಕಿಸಿತು. 1829ರಲ್ಲಿ ಡೇವಿ ತೀರಿಕೊಂಡ.

ಅವನ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ ಅನ್ನೋದೇ ನನಗೆ ಸಂಕಟದ ವಿಷಯ. ತಾಮ್ರ ಎಷ್ಟು ಉಳೀತು ಅಂತ ಅವನು ಅಳೆದ. ನೌಕಾಪಡೆಗೆ ಬೇಕಿದ್ದದ್ದು ವೇಗ. ಆಫೀಸಿನಲ್ಲಿ ನಮ್ಮ ಡ್ಯಾಶ್‌ಬೋರ್ಡ್‌ಗಳೂ ಎಷ್ಟೋ ಸಲ ಹೀಗೇ ಹಸಿರು ತೋರಿಸ್ತಿರ್ತವೆ, ಅಲ್ವಾ?

ಈ ಉಪಾಯಕ್ಕೆ ತಕ್ಕ ಜಾಗ ಮಣ್ಣಿನಡಿ ಇತ್ತು. ಹೂತಿಟ್ಟ ಪೈಪಿಗೆ ಪಾಚಿಯ ಚಿಂತೆಯಿಲ್ಲ, ಓಡುವ ಗಡಿಬಿಡಿಯೂ ಇಲ್ಲ. 1928ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರಾಬರ್ಟ್ ಕುನ್ ಎಂಬ ಎಂಜಿನಿಯರ್ ಗ್ಯಾಸ್ ಪೈಪಿಗೆ ಹೊರಗಿನಿಂದಲೇ ವಿದ್ಯುತ್ ಕೊಟ್ಟು ತುಕ್ಕು ತಡೆದ. ಎಷ್ಟು ಕೊಟ್ಟರೆ ಸಾಕು ಅನ್ನೋದಕ್ಕೂ ಒಂದು ಅಂಕಿ ಕೊಟ್ಟ: ಮೈನಸ್ 0.85 ವೋಲ್ಟ್. ಪೈಪ್‌ಲೈನ್ ಎಂಜಿನಿಯರುಗಳು ಇವತ್ತಿಗೂ ಮೀಟರಿನಲ್ಲಿ ಹುಡುಕೋದು ಅದನ್ನೇ. ಅಳೆಯುವಾಗ ಮೀಟರಿನ ಒಂದು ತಂತಿ ಪೈಪಿಗೆ. ಇನ್ನೊಂದು, ಮೈಲುತುತ್ತದ ದ್ರಾವಣದಲ್ಲಿ ಮುಳುಗಿಸಿಟ್ಟ ತಾಮ್ರದ ಕಡ್ಡಿಗೆ.